ಡಬ್ಬ್ಯಾಗಿನ ರೊಕ್ಕೆಲ್ಲಾ ಲಾಭ ಅಲ್ಲ

ಪಿಯುಸಿ ಕಾಮರ್ಸ್ ಓದೋ ಮಕ್ಕಳಿದ್ದ ಮನ್ಯಾಗ ಡೆಬಿಟ್, ಕ್ರೆಡಿಟ್ ಅನ್ನೋ ಜಪ ನಡದೇ ಇರ್ತದ. ನನ್ನ ಮಗಳೂ ದಿನಾ ಉರು ಹೊಡೀತಾಳ: ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಹಿಟ್ಟು ತಂದ್ರ ಹಿಟ್ಟು ಬಂತು, ರೊಕ್ಕಾ ಹೋತು, ಎರಡೂ ಬರೀಬೇಕು. 1494ರಾಗ ವೆನಿಸ್‌ನಾಗ ಲೂಕಾ ಪಾಚೋಲಿ ಅನ್ನೋ ಸನ್ಯಾಸಿ ತನ್ನ ಗಣಿತದ ಪುಸ್ತಕದಾಗ ಈ ಪದ್ಧತಿ ಅಚ್ಚು ಹಾಕಿಸಿದ್ನಂತ. ನಮ್ಮ ಕಡೆ ಅಂಗಡಿಯವ್ರು ದೀಪಾವಳಿಗೆ ಪೂಜಾ ಮಾಡೋ ಕಿರ್ದಿ, ಖತಾವಣಿನೂ ಲೆಕ್ಕದ ಪುಸ್ತಕಾನ. ಆದ್ರ ನಮ್ಮಂಥ ಹೆಣ್ಣಮಕ್ಕಳು ಮನ್ಯಾಗ ಮಾಡೋ ಉದ್ಯೋಗಕ್ಕ ಲೆಕ್ಕದ ಪುಸ್ತಕ ಎಲ್ಲದ? ಒಂದು ಡಬ್ಬಿ ಇರ್ತದ, ಅಷ್ಟ.

ಬಾಜೂಮನಿ ವೈನಿ ಒಂದು ಖಾನಾವಳಿಗೆ ದಿನಾ 100 ಜ್ವಾಳದ ರೊಟ್ಟಿ ಕೊಡ್ತಾರ, ಒಂದಕ್ಕ 7 ರೂಪಾಯಿ. ಹೋದ ತಿಂಗಳ ಖಾನಾವಳಿಯವ್ರು, "6ಕ್ಕ ಕೊಡ್ರಿ, ದಿನಾ 150 ತಗೋತೀವಿ" ಅಂದ್ರು. 700 ಬರೋ ಕಡೆ 900 ಬರ್ತದಲ್ಲಾ ಅಂತ ವೈನಿಗೆ ಖುಷಿ. ಹೂಂ ಅನ್ನೋಕಿಂತ ಮೊದಲ ಬರದು ನೋಡೋಣ್ರಿ ಅಂತ ಮಗಳು ನೋಟ್‌ಬುಕ್ ತಗದ್ಲು.

100 ರೊಟ್ಟಿಗೆ 5 ಕಿಲೋ ಹಿಟ್ಟು, ಗಿರಣಿ ಸಹಿತ 250. ಗ್ಯಾಸ್ 80, ಕವರ್ 20, ಮುಟ್ಟಿಸೋ ಹುಡುಗಗ 20. ಒಟ್ಟು 370, ಉಳಿದದ್ದು 330. 150ಕ್ಕ ಹಿಟ್ಟು 375, ಗ್ಯಾಸ್ 120, ಕವರ್ 30. ಹುಡುಗ ಒಂದ ಸಲ ಹೋಗ್ತಾನ, ಅವಗ ಅದ 20. ಒಟ್ಟು 545, ಉಳಿದದ್ದು 355. ಹುಡುಗನ 20 ಸ್ಥಿರ ವೆಚ್ಚ, ಉಳಿದದ್ದು ರೊಟ್ಟಿ ಹೆಚ್ಚಾದಂಗ ಹೆಚ್ಚಾಗೋ ವೆಚ್ಚ.

ಅಂದ್ರ 50 ರೊಟ್ಟಿ ಹೆಚ್ಚಿಗೆ ಬಡದ್ರ ಕೈಗೆ ಬರೋದು 25 ರೂಪಾಯಿ!

ವೈನಿ ಸುಮ್ಮನಾದ್ರು. ಆಮೇಲೆ ನಾನು ಕೇಳಿದೆ, "ವೈನಿ, ನಿಮ್ಮ ಕೂಲಿ ಎಲ್ಲೆದ?" "ನನಗ ಎಂಥಾ ಕೂಲಿ, ಮನ್ಯಾಗ ಇರ್ತೀನಲ್ಲಾ" ಅಂದ್ರು. ಆದ್ರ ಅವರು ಊರಿಗೆ ಹೋದಾಗ ರೊಟ್ಟಿ ಬಡೀಲಿಕ್ಕೆ ಬರೋ ಹೆಣ್ಣಮಗಳಿಗೆ ಒಂದಕ್ಕ ಎರಡೂವರೆ ರೂಪಾಯಿ ಕೊಡ್ತಾರ. ಅದ ದರ ಹಿಡದ್ರ 100ಕ್ಕ 250 ಕೂಲಿ ಹೋಗಿ 80 ಉಳೀತದ. 150ಕ್ಕ 375 ಕೂಲಿ. ಉಳಿಯೋದಲ್ಲ, 20 ರೂಪಾಯಿ ಲುಕ್ಸಾನು. ಯಾರ ಕೈಗೂ ಕೊಡದ ಈ ಕೂಲಿ ಕಿರ್ದಿಯೊಳಗ ಬರಂಗಿಲ್ಲ. ಅರ್ಥಶಾಸ್ತ್ರದಾಗ ಮಾತ್ರ ಅದಕ್ಕ ಹೆಸರದ, ಅವಕಾಶ ವೆಚ್ಚ. ಆ ಐದು ತಾಸು ಬ್ಯಾರೆ ಕಡೆ ದುಡದ್ರ ಏನು ಸಿಗತಿತ್ತೋ ಅದು.

ಇನ್ನೂ ಅವ. ಖಾನಾವಳಿಯವ್ರು 15 ದಿನಕ್ಕೊಮ್ಮೆ ರೊಕ್ಕಾ ಕೊಡೋದು. ಲೆಕ್ಕದಾಗ 10,500 ವ್ಯಾಪಾರ ಆಗಿರ್ತದ, ಡಬ್ಬ್ಯಾಗ ಒಂದು ಪೈಸಾ ಬಂದಿರಂಗಿಲ್ಲ. ಅಲ್ಲಿತನಕ ಹಿಟ್ಟು, ಗ್ಯಾಸಿಗೆ 5,550 ಕೈಯಿಂದ ಹಾಕಬೇಕು. ಇದಕ್ಕ ದುಡಿಯುವ ಬಂಡವಾಳ ಅಂತಾರ. ಲಾಭ ಇದ್ದೂ ಹಿಟ್ಟಿಗೆ ಸಾಲಾ ಮಾಡೋದು ಇದರಿಂದನ. ಒಲಿ, ಹಂಚಿಗೆ 6,000 ಹಾಕಿ, ಐದು ವರ್ಷ ಬಂದ್ರ, ತಿಂಗಳಿಗೆ 100 ಸವಕಳಿ ಅಂತ ತಗದಿಡಬೇಕು. ಇಲ್ಲಂದ್ರ ಹೊಸಾದು ತರೋ ದಿವಸ ಬಂಗಾರ ಬಿಚ್ಚಬೇಕಾಗ್ತದ.

ಅದ ಡಬ್ಬಿಯಿಂದ ಹಾಲಿಗೆ, ಕಾಯಿಪಲ್ಲೆಕ್ಕ ತಗದ್ರ ಲಾಭಾನೂ ಕಾಣಂಗಿಲ್ಲ, ಲುಕ್ಸಾನೂ ಕಾಣಂಗಿಲ್ಲ. ಪುಸ್ತಕದ ಪ್ರಕಾರ ವ್ಯಾಪಾರ ಬ್ಯಾರೆ, ಮಾಲಕರು ಬ್ಯಾರೆ. ಮನಿಗೆ ತಗೊಂಡದ್ದು ರೊಟ್ಟಿಯ ಖರ್ಚಲ್ಲ, ಡ್ರಾಯಿಂಗ್ಸ್. ತಗೋಬಾರದು ಅಂತಲ್ಲ, ತಗೊಂಡಿದ್ದು ಬರೀಬೇಕು ಅಂತ.

ವೈನಿ ಮರುದಿನ ಫೋನ್ ಮಾಡಿ, "7ಕ್ಕ 100 ಕೊಡ್ತೀನ್ರಿ, 6ಕ್ಕ ಪೂರೈಸಂಗಿಲ್ಲ" ಅಂದ್ರು. ಈಗಂತೂ ಅದ ದರಕ್ಕ ನಡದದ. ಖಾನಾವಳಿಯವ್ರು ನಾಳೆ ಬ್ಯಾರೆಯವರನ್ನ ಹುಡುಕಬಹುದು, ಆ ಹೆದರಿಕಿ ವೈನಿಗೆ ಅದ. ಆದ್ರ ಎಷ್ಟಕ್ಕ ಬ್ಯಾಡ ಅನ್ನಬೇಕು ಅನ್ನೋದು ಈಗ ಅವರಿಗೆ ಗೊತ್ತದ.

ಚಕ್ಕಲಿ, ಹಪ್ಪಳಾ, ಬ್ಲೌಸು, ಏನರ ಮಾಡ್ರಿ, ಎರಡು ಡಬ್ಬಿ ಇಡ್ರಿ, ಒಂದು ವಹಿ ಇಡ್ರಿ. ಅದರಾಗ ಮೊದಲನೇ ಸಾಲು ನಿಮ್ಮ ಕೂಲಿ ಬರೀರಿ.