ನಗಿಸುವ ಭೂತ

ದುಡ್ಡು ಕೊಟ್ಟು ಹೆದರಲು ಹೋಗುವ ಪ್ರಾಣಿ ಮನುಷ್ಯನೊಬ್ಬನೇ. ಹೆದರಿಕೆಯ ಬದಲು ನಗೆ ಬಂದರೂ ಅವನು ದುಡ್ಡನ್ನು ಹಿಂದಕ್ಕೆ ಕೇಳುವುದಿಲ್ಲ. ಎರಡನೆಯ ಭಾಗವನ್ನು ಕೇಳುತ್ತಾನೆ. 2014ರಲ್ಲಿ ಕೋಮಲ್ ಅಭಿನಯಿಸಿದ 'ನಮೋ ಭೂತಾತ್ಮ', 2023ರಲ್ಲಿ 'ನಮೋ ಭೂತಾತ್ಮ 2' ಆಗಿ ಮರಳಿತು. ಎರಡನ್ನೂ ನಿರ್ದೇಶಿಸಿದವರು ನೃತ್ಯ ನಿರ್ದೇಶಕ ಮುರಳಿ.

ಕಾರ್ಕಳದ ಸೀಮೆಯ ಬಜಗೋಳಿಯಂಥ ಊರಿನಲ್ಲಿ ಈ ನಗೆಗೊಂದು ವಿಶೇಷವುಂಟು. ಅಲ್ಲಿ ಭೂತವೆಂದರೆ ದೈವ. ಕೋಲದ ರಾತ್ರಿ ಅದು ನುಡಿಕೊಡುತ್ತದೆ, ಊರು ಕೈಮುಗಿದು ಕೇಳುತ್ತದೆ. ಅಲೆಯುವ ಪ್ರೇತಕ್ಕೆ ತುಳುವಿನಲ್ಲಿ ಬೇರೆಯದೇ ಹೆಸರು: ಕುಲೆ. ಕೋಲದಲ್ಲಿ ತಲೆಬಾಗಿದವನೇ ಚಿತ್ರಮಂದಿರದಲ್ಲಿ ಬಿದ್ದು ಬಿದ್ದು ನಗುವುದು ಕಪಟವೇನೂ ಅಲ್ಲ. ಎರಡರ ಅಂತರ ಅವನಿಗೆ ಚೆನ್ನಾಗಿ ಗೊತ್ತು.

ಹಾಸ್ಯ ಒರಟು, ಹೇಸಿಗೆ ಎಂದು ಮೂಗು ಮುರಿಯುವವರುಂಟು. ಆದರೆ ಬೀಭತ್ಸದಿಂದಲೇ ಭಯಾನಕ ಹುಟ್ಟುವುದೆಂದು ನಾಟ್ಯಶಾಸ್ತ್ರದ ಮತ. ಎರಡನೆಯ ಭಾಗಕ್ಕೆ ಬಂದ ಪ್ರೇಕ್ಷಕನೋ, ಕದ ಕಿರುಗುಟ್ಟಿದರೆ ಮುಂದೇನೆಂದು ಬಲ್ಲವನು. ಪಕ್ಕದವರು ಬೆಚ್ಚುವುದನ್ನು ನೋಡುವ ಸುಖ ಅವನದು. ಅಂಜಿಕೆಯನ್ನು ಹತ್ತು ಜನರ ನಡುವೆ ನಕ್ಕು ಕಳೆದವನು ಕತ್ತಲೆಯಲ್ಲಿ ಒಬ್ಬನೇ ಮನೆಗೆ ನಡೆಯಬಲ್ಲ.

ಆ ನಗೆ ಯಾರ ಮೇಲೆ ಬೀಳುತ್ತದೆಂಬುದನ್ನು ಮಾತ್ರ ನೋಡಬೇಕು. 2025ರ 'ಸು ಫ್ರಮ್ ಸೋ' ಚಿತ್ರದಲ್ಲಿ, ತರುಣನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನೆ ಬಂದಳೆಂದು ಕರಾವಳಿಯ ಊರೊಂದು ನಡುಗಿತು. ನಕ್ಕು ನಕ್ಕು ಸುಸ್ತಾದ ಪ್ರೇಕ್ಷಕರು ಕೊನೆಗೆ ಅವಳ ಮಗಳ ಕಷ್ಟದ ಮುಂದೆ ಬಂದು ನಿಂತರು. ಹೆದರಿದ ಊರನ್ನು ಹಂಗಿಸುವ ಹಾಸ್ಯ ಒರಟಾದರೂ ಬಾಳುತ್ತದೆ. ಅಸಹಾಯಕಳನ್ನು ಹಂಗಿಸುವುದು ನಯವಾದರೂ ಬಾಳದು.