ಲಾರಿ ಹತ್ತಿದ ಮನೆ, ದೋಣಿ ಹತ್ತಿದ ಪೆಟ್ಟಿಗೆ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. "ಮನೆ ಖಾಲಿ ಮಾಡಿ ನೋಡು" ಎಂಬುದನ್ನು ಅವರು ಸೇರಿಸಲಿಲ್ಲ. ಸೇರಿಸುವ ಪ್ರಸಂಗ ಅವರಿಗೆ ಬರಲಿಲ್ಲವೆಂದು ಕಾಣುತ್ತದೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ತಂದೆಯವರ ಪೀಳಿಗೆಗೆ ಸಾಮಾನೆಂದರೆ ಒಂದು ಪೆಟ್ಟಿಗೆ, ಒಂದು ಚಾಪೆ. ಕಟ್ಟಲು ಅರ್ಧ ಗಂಟೆ ಸಾಕಿತ್ತು. ನಿಮ್ಮ ಪಾಡು ಹಾಗಲ್ಲ. ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಬೆಳೆದ ನಿಮ್ಮನ್ನು ಕಂಪನಿಯವರು ಇವತ್ತು ಪುಣೆಗೆ, ನಾಳೆ ಗುರುಗ್ರಾಮಕ್ಕೆ, ನಾಡಿದ್ದು ಸಿಂಗಾಪುರಕ್ಕೆ ಕಳಿಸುತ್ತಾರೆ. ನೀವು ಹೋಗುವುದು ಸುಲಭ. ನಿಮ್ಮ ಫ್ರಿಜ್ಜು, ಮಂಚ, ಅಜ್ಜಿ ಕೊಟ್ಟ ಹಿತ್ತಾಳೆ ಚರಿಗೆ ಹೋಗುವುದು ಸುಲಭವಲ್ಲ. ಅದಕ್ಕೇ ನಾವು ಥಾಯ್ಲೆಂಡಿನಲ್ಲಿ ಮನೆ ಸಾಮಾನನ್ನು ಒಂದು ದ್ವೀಪಕ್ಕೆ ಸಾಗಿಸಿದ ಕಥೆಯನ್ನು ನಿಮಗೆ ಹೇಳಹೊರಟಿದ್ದೇನೆ.

ನನ್ನ ಯಜಮಾನರು ಹೋಟೆಲಿನ ಲೆಕ್ಕಪತ್ರ ವಿಭಾಗದವರು. ಬ್ಯಾಂಕಾಕಿನಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೆ, 2022ರ ಅಕ್ಟೋಬರಿನಲ್ಲಿ ಅವರಿಗೆ ಕೋ ಸಮುಯ್ ದ್ವೀಪಕ್ಕೆ ವರ್ಗವಾಯಿತು. ಥಾಯ್ ಭಾಷೆಯಲ್ಲಿ 'ಕೋ' ಎಂದರೇ ದ್ವೀಪ. ಅವರು ಮೊದಲು ಹೋದರು. ಮಗಳ ಶಾಲೆಗೆ ರಜೆ ಸಿಗುವ ಡಿಸೆಂಬರ್ ನಡುವಿನವರೆಗೆ ನಾವಿಬ್ಬರೂ ಕಾದೆವು. ದ್ವೀಪ ಎಂದೊಡನೆ ನಿಮ್ಮ ಕಣ್ಣಿಗೆ ತೆಂಗಿನ ಮರ, ಬಿಳಿ ಮರಳು ಕಾಣಿಸಿರಬೇಕು. ಅದೆಲ್ಲ ಇದೆ. ಸಮುಯ್ ಪ್ರವಾಸಿಗರನ್ನು ಕಾಣುವ ಮೊದಲು ತೆಂಗನ್ನೇ ನಂಬಿ ಬದುಕಿದ ದ್ವೀಪ. ಮರ ಹತ್ತಿ ಕಾಯಿ ಕೊಯ್ಯಲು ಮಂಗಗಳನ್ನು ಪಳಗಿಸುವ ಸೀಮೆ ಅದು. ಆದರೆ ಮನೆ ಸಾಗಿಸುವ ಹೆಂಗಸಿಗೆ ಕಾಣುವುದು ಒಂದೇ: ನಡುವೆ ಇರುವ ನೀರು. ಇದೇ ದೇಶದ ಫುಕೆಟ್ ಕೂಡ ದ್ವೀಪವೇ. ಅಲ್ಲಿಗೆ 1967ರಲ್ಲೇ ಸೇತುವೆಯಾದ್ದರಿಂದ ಲಾರಿ ನೇರವಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಸಮುಯ್‌ಗೆ ಸೇತುವೆಯಿಲ್ಲ. ವಿಮಾನ ನಿಲ್ದಾಣವೇನೋ 1989ರಿಂದ ಇದೆ, ಆದರೆ ಅದು ಖಾಸಗಿಯವರದು. ಟಿಕೇಟು ದುಬಾರಿ, ಮಂಚವನ್ನಂತೂ ಅದರಲ್ಲಿ ಒಯ್ಯಲಾಗದು. ಉಳಿದದ್ದು ಒಂದೇ ದಾರಿ. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಸುಮಾರು 700 ಕಿಲೋಮೀಟರ್ ಲಾರಿಯಲ್ಲಿ, ಆಮೇಲೆ ದೋನ್ ಸಾಕ್ ಎಂಬ ಬಂದರಿನಲ್ಲಿ ಲಾರಿಯನ್ನೇ ಫೆರ್ರಿಯೊಳಗೆ ಹತ್ತಿಸಿ ಒಂದೂವರೆ ಗಂಟೆ ಸಮುದ್ರಯಾನ.

ಲಾರಿಯವರು ಬಂದು ಮನೆಯನ್ನು ಅಳೆದರು. ಅಲ್ಲಿ ಲೆಕ್ಕ ತೂಕದಲ್ಲಲ್ಲ, 'ಕ್ಯೂ' ಎಂಬ ಅಳತೆಯಲ್ಲಿ. ಒಂದು ಕ್ಯೂ ಎಂದರೆ ಒಂದು ಘನಮೀಟರ್ ಜಾಗ. ನಿಮ್ಮ ಹನ್ನೊಂದು ವರ್ಷದ ಬಾಳು ಇಷ್ಟು ಕ್ಯೂ ಎಂದು ಒಬ್ಬ ಹುಡುಗ ಟೇಪು ಹಿಡಿದು ಹೇಳಿಬಿಡುವಾಗ ಒಂದು ಬಗೆಯ ಕಸಿವಿಸಿ ಆಗುತ್ತದೆ. ನಮಗೆ ಆರು ಚಕ್ರದ ಲಾರಿ ಗೊತ್ತಾಯಿತು. ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಬ್ಯಾಂಕಾಕಿನೊಳಗೆ ದೊಡ್ಡ ಲಾರಿಗಳು ಓಡಾಡುವಂತಿಲ್ಲ. ಆದ್ದರಿಂದ ತುಂಬುವ ಕೆಲಸವೆಲ್ಲ ನಡುಹಗಲಿನ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ನೀವು ಯಾವ ಊರಿನಿಂದ ಹೊರಟರೂ ಇದನ್ನು ಮೊದಲು ವಿಚಾರಿಸಿಕೊಳ್ಳಿ. ಬಾಡಿಗೆಗಿಂತ ಇದು ಮುಖ್ಯ.

ಡಿಸೆಂಬರ್ 15, ಗುರುವಾರ. ಮೂರು ಗಂಟೆಯ ಹೊತ್ತಿಗೆ ಲಾರಿ ತುಂಬಿತು. ಕೆಳಗೆ ನಾಲ್ಕು ವಸ್ತುಗಳು ಉಳಿದವು. ಮಗಳ ಸೈಕಲ್ಲು, ವೆಟ್ ಗ್ರೈಂಡರಿನ ಕಲ್ಲು, ಕುಂಡದಲ್ಲಿದ್ದ ಕರಿಬೇವಿನ ಗಿಡ ಮತ್ತು ಹಲಸಿನ ಮರದ ಒಂದು ಪೆಟ್ಟಿಗೆ. ಲಾರಿಯ ಮೇಲೆ ಕಟ್ಟಿಬಿಡಿ ಎಂದರೆ ಚಾಲಕ ಒಪ್ಪಲಿಲ್ಲ. ಐವತ್ತು ದಾಟಿದ ಮನುಷ್ಯ. ನಾನು ಅವರನ್ನು 'ಲುಂಗ್' ಎಂದು ಕರೆಯುತ್ತಿದ್ದೆ. ಲುಂಗ್ ಎಂದರೆ ದೊಡ್ಡಪ್ಪ. ನಾವು ಗುರುತಿಲ್ಲದವರನ್ನೂ ಅಣ್ಣ, ಮಾಮ ಎನ್ನುವ ಹಾಗೆ ಅವರೂ ದಾರಿಹೋಕರನ್ನೆಲ್ಲ ನಂಟರನ್ನಾಗಿ ಮಾಡಿಕೊಳ್ಳುತ್ತಾರೆ. "ದಕ್ಷಿಣದಲ್ಲಿ ಈಗ ಮಳೆ. ಮೇಲೆ ಕಟ್ಟಿದ್ದು ಒದ್ದೆಯಾಗದೆ ತಲುಪುವುದಿಲ್ಲ" ಎಂದರು ಲುಂಗ್. ಅವರ ಮಾತು ನಿಜ. ಥಾಯ್ಲೆಂಡಿನ ಪಶ್ಚಿಮ ತೀರಕ್ಕೆ ನಮ್ಮ ಕರಾವಳಿಯಂತೆ ನೈಋತ್ಯ ಮಳೆ. ಸಮುಯ್ ಇರುವ ಪೂರ್ವ ತೀರಕ್ಕೆ ಚೆನ್ನೈಯಂತೆ ಈಶಾನ್ಯ ಮಾರುತದ ಮಳೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಲ್ಲಿಯ ಸಮುದ್ರವನ್ನು ನಂಬುವಂತಿಲ್ಲ.

ಆ ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. 1958ರಲ್ಲಿ ಅಪ್ಪ ಮಂಗಳೂರಿನಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಬಂದಾಗ ತಂದ ಪೆಟ್ಟಿಗೆ ಅದು. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅಪ್ಪನ ಕಾಲದಲ್ಲಿ ಕರಾವಳಿಯ ಅನೇಕರಿಗೆ ಹಡಗೇ ಗತಿ. ಅಮ್ಮನ ಕಾಲಾನಂತರ ಅದು ನನ್ನ ಪಾಲಿಗೆ ಬಂತು. ಒಳಗಿದ್ದದ್ದು ಉಡುಪಿ ಕಡೆಯ ನಮ್ಮ ಊರಿನಿಂದ ಅಜ್ಜಿ ಅಮ್ಮನಿಗೆ ಬರೆದ 143 ಕಾಗದಗಳು, ಹೆಚ್ಚಿನವು ಇನ್‌ಲ್ಯಾಂಡ್ ಲೆಟರುಗಳು. ನಾನು ಮುಂಬಯಿಯ ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳಾದ್ದರಿಂದ ನನಗೆ ಓದಲು ಬರುತ್ತದೆ. ಬ್ಯಾಂಕಾಕಿನಲ್ಲಿ ಬೆಳೆದ ಮಗಳಿಗೆ ಮನೆಯಲ್ಲಿ ಆಡುವ ಕನ್ನಡ ಬರುತ್ತದೆ, ಅಕ್ಷರ ಬರುವುದಿಲ್ಲ. ಸಾಮಾನು ಕಟ್ಟುವ ವಾರದಲ್ಲಿ ಅವಳು ಕೇಳಿದಳು: "ಎಲ್ಲದರ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡರೆ ಸಾಕಲ್ಲಮ್ಮಾ? ಪೆಟ್ಟಿಗೆ ಅರ್ಧ ಕ್ಯೂ ಜಾಗ ತಿನ್ನುತ್ತದೆ." ನೀವೂ ಇದನ್ನೇ ಕೇಳುತ್ತಿದ್ದಿರಿ. ಪ್ರಶ್ನೆ ನ್ಯಾಯವಾದದ್ದೇ. ಹದಿನೈದು ವರ್ಷದ ಹುಡುಗಿ, ಓದಲಾಗದ ಕಾಗದಗಳನ್ನು ಸಮುದ್ರ ದಾಟಿಸುವುದೇಕೆ ಎಂದು ಕೇಳಿದರೆ ಏನು ಹೇಳುವುದು? "ಬೇಕು, ಅಷ್ಟೇ" ಎಂದೆ. ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕಡೆಗೆ ಸೈಕಲ್ಲನ್ನು ನೆರೆಮನೆಯ ಹುಡುಗನಿಗೆ ಕೊಟ್ಟೆವು. ಕರಿಬೇವಿನ ಗಿಡವನ್ನು ನಾವೇ ಹೊತ್ತುಕೊಂಡೆವು. ಕಲ್ಲು ಮತ್ತು ಪೆಟ್ಟಿಗೆಯನ್ನು ಪಹುರತ್ ಬಟ್ಟೆ ಪೇಟೆಯ ಪರಿಚಯದ ಸರ್ದಾರ್ಜಿಯೊಬ್ಬರ ಅಂಗಡಿಗೆ ಒಪ್ಪಿಸಿದೆವು. ದಕ್ಷಿಣದ ಊರುಗಳಿಗೆ ಬಟ್ಟೆ ಕಳಿಸಿ ಅನುಭವವಿದ್ದವರು ಅವರು. ಪೆಟ್ಟಿಗೆಯ ಒಳಗಿನದನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹೊರಗೆ ಗೋಣಿ ಹೊದಿಸಿ, ಬಟ್ಟೆಯ ಬೇಲಿನಂತೆಯೇ ಹೊಲಿದುಬಿಟ್ಟರು. ಪಾರ್ಸೆಲ್ ಲಾರಿಯಲ್ಲಿ ಸುರಾಟ್ ಥಾನಿಯವರೆಗೆ, ಅಲ್ಲಿಂದ ರಾತ್ರಿ ದೋಣಿಯಲ್ಲಿ ದ್ವೀಪಕ್ಕೆ ಎಂದು ಏರ್ಪಾಟಾಯಿತು.

ಸುರಾಟ್ ಥಾನಿ ಎಂಬ ಹೆಸರು ಕೇಳಿ ನಿಮ್ಮ ಕಿವಿ ನೆಟ್ಟಗಾಯಿತೇ? ಅದು ನಮ್ಮ ಗುಜರಾತಿನ ಸೂರತ್ತೇ. 1915ರಲ್ಲಿ ರಾಜ ವಜಿರಾವುಧ ಆ ಊರಿಗೆ ಈ ಹೆಸರಿಟ್ಟ. ಹೆಸರಿಟ್ಟವನು ಅಷ್ಟಕ್ಕೇ ಸುಮ್ಮನಿರಲಿಲ್ಲ, ಪಕ್ಕದ ನದಿಗೆ 'ತಾಪಿ' ಎಂದೂ ಕರೆದ. ಸೂರತ್ತಿನ ಬಳಿ ಹರಿಯುವುದು ತಾಪಿ ತಾನೇ! ಬೋರಿವಿಲಿಯಲ್ಲಿ ರೈಲು ಹತ್ತಿ ನಾಲ್ಕು ತಾಸಿಗೆ ಸೂರತ್ ಕಾಣುವ ಮುಂಬಯಿಯವಳಿಗೆ ಇಷ್ಟು ದೂರದಲ್ಲಿ ಮತ್ತೊಂದು ಸೂರತ್, ಮತ್ತೊಂದು ತಾಪಿ ಸಿಕ್ಕಿದವು. ನಮ್ಮ ಪೆಟ್ಟಿಗೆ ದೋಣಿ ಹತ್ತಬೇಕಾದದ್ದು ಆ ತಾಪಿಯ ದಡದ ಬಾನ್ ದೋನ್ ಎಂಬ ಕಟ್ಟೆಯಲ್ಲಿ.

ಗುರುವಾರ ರಾತ್ರಿ ನಾವು ತಾಯಿ ಮಗಳು ಕರಿಬೇವಿನ ಕುಂಡದೊಂದಿಗೆ ಹುವಾ ಲಂಫೋಂಗ್ ನಿಲ್ದಾಣದಿಂದ ರೈಲು ಹತ್ತಿದೆವು. ಬ್ಯಾಂಕಾಕಿನ ಆ ಹಳೆಯ ನಿಲ್ದಾಣದಿಂದ ದೂರದ ರೈಲುಗಳು ಹೊರಡುತ್ತಿದ್ದ ಕೊನೆಯ ದಿನಗಳವು. 2023ರ ಜನವರಿ 19ರಿಂದ ಅವೆಲ್ಲ ಹೊಸ ನಿಲ್ದಾಣಕ್ಕೆ ಹೋದವು. ಬೆಳಿಗ್ಗೆ ರೈಲಿಳಿದು ಬಸ್ಸಿನಲ್ಲಿ ದೋನ್ ಸಾಕ್ ಮುಟ್ಟಿದಾಗ ನಮ್ಮ ಲಾರಿ ಆಗಲೇ ಸಾಲಿನಲ್ಲಿ ನಿಂತಿತ್ತು. ಲುಂಗ್ ಚಕ್ರದ ನೆರಳಿನಲ್ಲಿ ಕೂತು ಅನ್ನ ಉಣ್ಣುತ್ತಿದ್ದರು. ಕನ್ನಡಿಗೆ ತೂಗುಹಾಕಿದ್ದ ಮಲ್ಲಿಗೆಯ ಹಾರ ಬಾಡಿತ್ತು. ಫೆರ್ರಿಯ ಹೊಟ್ಟೆಯೊಳಗೆ ಸಿಮೆಂಟಿನ ಲಾರಿ, ಮೊಟ್ಟೆಯ ಲಾರಿ, ಕುಡಿಯುವ ನೀರಿನ ಲಾರಿ, ಅವುಗಳ ನಡುವೆ ನಮ್ಮ ಮನೆ. ದ್ವೀಪದಲ್ಲಿ ಯಾವ ವಸ್ತುವಿಗೂ ಬೆಲೆ ಏಕೆ ಹೆಚ್ಚು ಎಂದು ಮಗಳಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಅಂದೇ ಸಂಜೆಯೊಳಗೆ ಮನೆ ಸೇರಬೇಕೆಂದು ಮನೆಯೊಡತಿ ಮೊದಲೇ ತಾಕೀತು ಮಾಡಿದ್ದರು. ಮರುದಿನ ಶನಿವಾರ. ಥಾಯ್ ಜನರಲ್ಲಿ ಶನಿವಾರ ಹೊಸ ಮನೆ ಹೊಗಬಾರದು, ಶುಕ್ರವಾರ ಹೆಣ ಸುಡಬಾರದು, ಬುಧವಾರ ಮದುವೆಯಾಗಬಾರದು ಎಂಬ ನಂಬಿಕೆಯಿದೆ. ಆಷಾಢದಲ್ಲಿ ಮನೆ ಬದಲಿಸಬಾರದು ಎನ್ನುವ ನಮ್ಮತ್ತೆಯವರೂ ಈಕೆಯೂ ಎದುರಾಗಿದ್ದರೆ ಚೆನ್ನಾಗಿ ಮಾತು ಸಾಗುತ್ತಿತ್ತು. ಅಂಗಳದ ಮೂಲೆಯಲ್ಲಿ ಕಂಬದ ಮೇಲೆ ಪುಟ್ಟ ಗುಡಿ, ಆ ಜಾಗದ ದೇವತೆಗೆ. ಅದಕ್ಕೆ ಊದುಬತ್ತಿ, ಹೂವು, ಜೊತೆಗೆ ಕೆಂಪು ಸೋಡಾದ ಒಂದು ಬಾಟಲಿ ಸ್ಟ್ರಾ ಸಹಿತ! ನಮ್ಮ ಪದ್ಧತಿಯಂತೆ ಹಾಲು ಉಕ್ಕಿಸೋಣವೆಂದರೆ ಮನೆಯಲ್ಲಿದ್ದದ್ದು ಇಂಡಕ್ಷನ್ ಒಲೆ. ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಅದು ಪಾತ್ರೆಯೆಂದೇ ಒಪ್ಪುವುದಿಲ್ಲ. ಮನೆಯೊಡತಿ ನಗುತ್ತಾ ತಮ್ಮ ಇದ್ದಿಲ ಒಲೆಯನ್ನು ತಂದುಕೊಟ್ಟರು. ಹಾಲು ಉಕ್ಕಿತು.

ಒಂದು ಮಾತು ನೆನಪಿಡಿ. ಪರದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಮನೆಯೊಡೆಯರು ವಲಸೆ ಕಚೇರಿಗೆ ತಿಳಿಸಬೇಕೆಂಬುದು ಅಲ್ಲಿಯ ಕಾನೂನು. ಒಂದೇ ದೇಶದೊಳಗೆ ಮನೆ ಬದಲಿಸಿದರೂ ಕಾಗದಪತ್ರ ತಪ್ಪದು. ಪೆಟ್ಟಿಗೆಗಳನ್ನು ಬಿಚ್ಚುವ ಮೊದಲು ಅದನ್ನು ಮುಗಿಸಿ.

ಭಾನುವಾರ, ಡಿಸೆಂಬರ್ 18. ಪೆಟ್ಟಿಗೆ ಬಾನ್ ದೋನ್ ಮುಟ್ಟಿತೆಂದು ಫೋನು ಬಂತು. ಆ ರಾತ್ರಿಯೇ ಕೊಲ್ಲಿಯ ಉತ್ತರಕ್ಕೆ, ಪ್ರಚುವಾಪ್ ಪ್ರಾಂತದ ಎದುರಿನ ಸಮುದ್ರದಲ್ಲಿ, ಥಾಯ್ ನೌಕಾಪಡೆಯ 'ಸುಖೋಥಾಯ್' ಹಡಗು ಬಿರುಗಾಳಿಯಲ್ಲಿ ಮುಳುಗಿತು. ಅನೇಕ ನಾವಿಕರು ಸತ್ತರು. ನಮ್ಮ ಕಡೆಯೂ ಅಲೆ ತಗ್ಗಲಿಲ್ಲ. ಪೆಟ್ಟಿಗೆ ಎಲ್ಲಿದೆ, ದಡದಲ್ಲೋ ದೋಣಿಯಲ್ಲೋ, ಯಾರೂ ಖಚಿತವಾಗಿ ಹೇಳಲಿಲ್ಲ. ಟಿವಿಯಲ್ಲಿ ಸಮುದ್ರದೆಡೆಗೆ ಮುಖ ಮಾಡಿ ಮಗನಿಗಾಗಿ ಕಾಯುವ ತಾಯಂದಿರು. ಅವರನ್ನು ನೋಡುತ್ತಾ ಒಂದು ಮರದ ಪೆಟ್ಟಿಗೆಯ ಚಿಂತೆಯನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೆ ಮಗಳು ದಿನಕ್ಕೆರಡು ಬಾರಿ ತಾನಾಗಿಯೇ ಬಾನ್ ದೋನ್‌ಗೆ ಫೋನು ಮಾಡಿ ಥಾಯ್‌ನಲ್ಲಿ ವಿಚಾರಿಸುತ್ತಿದ್ದಳು.

ಗುರುವಾರ ಬೆಳಗಿನ ಜಾವ ರಾತ್ರಿ ದೋಣಿ ನಾಥೋನ್ ಕಟ್ಟೆಗೆ ಬಂತು. ಗ್ರೈಂಡರಿನ ಕಲ್ಲಿಗೆ ಏನೂ ಆಗಿರಲಿಲ್ಲ, ಕಲ್ಲಿಗೆ ಏನಾಗುತ್ತದೆ! ಪೆಟ್ಟಿಗೆಯ ಒಂದು ಮೂಲೆಯಲ್ಲಿ ನೀರು ಇಳಿದಿತ್ತು. ಸರ್ದಾರ್ಜಿಯ ಪ್ಲಾಸ್ಟಿಕ್ ಇಲ್ಲದಿದ್ದರೆ ಎಲ್ಲವೂ ಹೋಗುತ್ತಿತ್ತು. ಹೋದದ್ದು ಹನ್ನೊಂದು ಕಾಗದ. ಅಜ್ಜಿ ಶಾಯಿ ಪೆನ್ನಿನಲ್ಲಿ ಬರೆದ ಮೊದಮೊದಲ ಕಾಗದಗಳವು, ನೀಲಿ ಕಲೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವುಗಳಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು.

ಉಳಿದವನ್ನು ಜಗಲಿಯಲ್ಲಿ ಹರವಿ ಒಣಗಿಸಿದೆವು. ಮಡಚಿಡುವಾಗ ಕ್ರಮ ತಪ್ಪಿತ್ತು. ಮಗಳು ತಾನು ಜೋಡಿಸುತ್ತೇನೆಂದು ಕುಳಿತಳು. ಅಕ್ಷರ ಬಾರದವಳು ಹೇಗೆ ಜೋಡಿಸುತ್ತಾಳೆ ಎಂದು ನಾನು ನೋಡುತ್ತಿದ್ದೆ. ಅಂಚೆಯ ಮುದ್ರೆ ಸ್ಪಷ್ಟವಾಗಿದ್ದ ಕಡೆ ತಾರೀಕು ನೋಡಿದಳು. ಮುದ್ರೆ ಅಳಿಸಿದ್ದ ಕಡೆ ಬೇರೆ ಉಪಾಯ ಹುಡುಕಿದಳು: ಅಮ್ಮನ ವಿಳಾಸದಲ್ಲಿ ಪಿನ್ ಕೋಡ್ ಇದೆಯೇ ಇಲ್ಲವೇ? ಭಾರತದಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡಳು. ಆಮೇಲೆ ಕಳಿಸಿದವರ ವಿಳಾಸದ ಕೊನೆಯ ಪದ ಕೆಲವದರಲ್ಲಿ ಒಂದು ಥರ, ಕೆಲವದರಲ್ಲಿ ಇನ್ನೊಂದು ಥರ ಇರುವುದೇಕೆ ಎಂದು ಕೇಳಿದಳು. ಒಂದು 'ಮೈಸೂರು ರಾಜ್ಯ', ಇನ್ನೊಂದು 'ಕರ್ನಾಟಕ' ಎಂದೆ. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು ಎಂದು ಹೇಳಿದೆ. ಅವಳು ಆ ಎರಡು ಪದಗಳ ಆಕಾರವನ್ನು ಚಿತ್ರದಂತೆ ನೋಡಿಕೊಂಡು ಕಾಗದಗಳನ್ನು ಎರಡು ರಾಶಿ ಮಾಡಿದಳು. ಅವಳು ಗುರುತಿಸಿದ ಮೊದಲ ಕನ್ನಡ ಅಕ್ಷರಗಳು ಅವು. ಪುಸ್ತಕ ತರಿಸಿ ಕಲಿಸಬೇಕೆಂದು ನಾನು ಎಷ್ಟೋ ಸಲ ಹೊರಟು ಸೋತಿದ್ದೆ.

ಈಗ ಅವಳು ಬ್ಯಾಂಕಾಕಿನಲ್ಲಿ ಕಾಲೇಜು ಓದುತ್ತಾಳೆ. ರಜೆಗೆ ಬಂದಾಗ ಕರಿಬೇವಿನ ಗಿಡದ ಪಕ್ಕ ಕೂತು ಒಂದೆರಡು ಕಾಗದ ಓದುತ್ತೇವೆ. ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುತ್ತಾಳೆ, 'ಥ', 'ಧ' ಬಂದರೆ ಸಿಟ್ಟಾಗುತ್ತಾಳೆ. ಕಳೆದ ರಜೆಯಲ್ಲಿ 1974ರ ಜೂನಿನ ಕಾಗದಕ್ಕೆ ಬಂದೆವು. ಮೇ ತಿಂಗಳ ರೈಲ್ವೆ ಮುಷ್ಕರದಿಂದ ನಿನ್ನ ಕಾಗದ ಬಹಳ ತಡವಾಗಿ ಸಿಕ್ಕಿತು, ಮಗುವಿನ ಕೆಮ್ಮು ಈಗ ಹೇಗಿದೆ ಎಂದು ಅಜ್ಜಿ ಕೇಳಿದ್ದರು. "ಯಾವ ಮಗು?" ಎಂದಳು. ನಾನೇ ಎಂದೆ. "ಕಾಗದ ಬರುವಷ್ಟರಲ್ಲಿ ಕೆಮ್ಮು ವಾಸಿಯಾಗಿರಬೇಕಲ್ಲ?" ಎಂದು ನಕ್ಕು ಮುಂದಿನ ಸಾಲಿಗೆ ಬೆರಳಿಟ್ಟಳು. ಇನ್ನೂ ತೊಂಬತ್ತು ಚಿಲ್ಲರೆ ಕಾಗದಗಳಿವೆ.