ತೊಂಬತ್ತನಾಲ್ಕನೇ ದಿನ

ನಾನು ನೋಡಿಕೊಳ್ತಿದ್ದ ಕೋಡಲ್ಲಿ ಒಂದು ಕಡೆ 60 ಅಂತಿತ್ತು. 2019ರ ಮಾತು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ರಾಜ್ಯದ ಮೆಡಿಕೇಡ್ ಅರ್ಜಿಯ ಸಾಫ್ಟ್‌ವೇರ್ ರಿಪೇರಿ ಮಾಡೋ ಕೆಲಸ. ಮೆಡಿಕೇಡ್ ಅಂದರೆ ಅಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ. ಆ ದೇಶದ ಹತ್ತು ಹೆರಿಗೆಯಲ್ಲಿ ಸುಮಾರು ನಾಲ್ಕರ ಬಿಲ್ಲು ಅದೇ ಕಟ್ಟುತ್ತೆ.

ಅರ್ಜಿಯಲ್ಲಿ 'ನೀವು ಗರ್ಭಿಣಿಯೇ?' ಅಂತೊಂದು ಪ್ರಶ್ನೆ. ಹೌದು ಅಂದರೆ, 'ಎಷ್ಟು ಮಕ್ಕಳ ನಿರೀಕ್ಷೆ?' ಹೊಟ್ಟೆಯಲ್ಲಿರೋ ಕೂಸನ್ನೂ ಮನೆಮಂದಿ ಲೆಕ್ಕಕ್ಕೆ ಸೇರಿಸ್ತಾರೆ, ಅವಳಿಯಾದರೆ ಇಬ್ಬರು. ಮನೆ ದೊಡ್ಡದಾದಷ್ಟೂ ಆದಾಯದ ಮಿತಿ ಮೇಲೇರುತ್ತೆ. ಹುಟ್ಟಿದ ಮಗುವಿನ ಹೆಸರನ್ನ ರೇಷನ್ ಕಾರ್ಡಿಗೆ ಸೇರಿಸೋಕೇ ತಾಲ್ಲೂಕಾಫೀಸಿಗೆ ಅಲೆದ ಮನೆಯವನು ನಾನು. ಭಲೇ ಅನಿಸಿತ್ತು.

ಆ 60 ಮಾತ್ರ ನನಗೆ ಬರೀ ಸಂಖ್ಯೆ. ಹೆರಿಗೆಯಾಗಿ ಅರವತ್ತನೇ ದಿನ ಯಾವ ತಿಂಗಳಲ್ಲಿ ಬೀಳುತ್ತೋ ಆ ತಿಂಗಳ ಕೊನೆಗೆ, ಬೇರೆ ನಿಯಮದಲ್ಲಿ ಅರ್ಹತೆ ಸಿಗದಿದ್ದರೆ, ಬಾಣಂತಿಯ ವಿಮೆ ಬಂದ್. ರಾತ್ರಿ ಓಡೋ ಬ್ಯಾಚ್ ಜಾಬ್ ಹೆಸರು ಆರಿಸಿ ಪತ್ರ ಕಳಿಸೋದು. ಅದು ಫೆಬ್ರವರಿಯ ಕೊನೆಯನ್ನ ತಪ್ಪಾಗಿ ಲೆಕ್ಕ ಹಾಕ್ತಿದ್ದಾಗ ಸರಿಮಾಡಿದವನು ನಾನೇ. ಮ್ಯಾನೇಜರ್ ಹೊಗಳಿ ಮೇಲ್ ಹಾಕಿದ್ರು.

ಆ ವರ್ಷವೇ ಅಕ್ಕ ಬಾಣಂತನಕ್ಕೆ ಊರಿಗೆ ಬಂದಳು. ಜೂನ್ 3ಕ್ಕೆ ಸಲೀಸಾದ ಹೆರಿಗೆ. ತಾಯಿ ಕಾರ್ಡಿನ ಕಾಲಮ್ಮೆಲ್ಲ ತುಂಬಿತ್ತು. ಆಗಸ್ಟ್ ಕಳೆಯೋ ಹೊತ್ತಿಗೆ ಕಾಲು ಊದೋದು, ಮಲಗಿದರೆ ಉಸಿರು ಕಟ್ಟೋದು. ಬಾಣಂತಿ ಮೈ, ಶೀತ ಹಿಡಿದಿದೆ ಅಂತ ಅಜ್ಜಿ ಕಷಾಯ ಕಾಯಿಸಿತು. 'ಕೂತೇ ನಿದ್ದೆ ಮಾಡ್ತಾಳೆ ಕಣೋ' ಅಂತ ಅಮ್ಮ ಫೋನ್ ಮಾಡಿದ ರಾತ್ರಿಯೇ ಹೊರಟೆ. ಸೆಪ್ಟೆಂಬರ್ 5ರಂದು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸೇರಿಸಿದ್ವಿ. ಹೃದಯದ ಸ್ನಾಯು ಸೋತಿದೆ, ಹೆರಿಗೆಯಾಗಿ ಐದು ತಿಂಗಳವರೆಗೂ ಹೀಗಾಗಬಹುದು ಅಂದರು ಡಾಕ್ಟರು. ಅಕ್ಕ ಉಳಿದಳು. ಅಪ್ಪ ಎರಡು ಹಸು ಮಾರಿದ, ಮಿಕ್ಕಿದ್ದಕ್ಕೆ ನನ್ನ ಸಂಬಳ.

ಆ ಸಂಬಳ ಎಲ್ಲಿಂದ ಬರುತ್ತೆ ಅಂತ ಆಸ್ಪತ್ರೆ ಬೆಂಚಿನ ಮೇಲೆ ತಲೆಗೆ ಹೊಳೀತು. ಬೆರಳು ಮಡಚಿ ಎಣಿಸಿದೆ. ತೊಂಬತ್ತನಾಲ್ಕನೇ ದಿನ. ನನ್ನ ಬ್ಯಾಚ್ ಜಾಬ್ ಆಗಸ್ಟ್ 31ಕ್ಕೇ ಅವಳನ್ನ ಹೊರಗೆ ಹಾಕಿರ್ತಿತ್ತು.

ಅಮೆರಿಕದಲ್ಲಿ ಬಸಿರು ಬಾಣಂತನಕ್ಕೆ ಸಂಬಂಧಿಸಿದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗೋದು ಹೆರಿಗೆಯಾದ ಒಂದು ವಾರದಿಂದ ಒಂದು ವರ್ಷದೊಳಗೆ. ಅಲ್ಲಿನ ಸಿಡಿಸಿ 2017–19ರ ಸಾವುಗಳನ್ನ ಪರಿಶೀಲಿಸಿ ಕೊಟ್ಟ ಲೆಕ್ಕ ಇದು. 2021ರ ಕಾನೂನು, ರಾಜ್ಯಗಳು ಬಯಸಿದರೆ 2022ರ ಏಪ್ರಿಲ್‌ನಿಂದ ಈ ವಿಮೆಯನ್ನ ಹನ್ನೆರಡು ತಿಂಗಳಿಗೆ ಎಳೆಯಬಹುದು ಅಂತು. ನಮ್ಮ ಕ್ಲೈಂಟ್ ರಾಜ್ಯವೂ ಒಪ್ತು. 60 ತೆಗೆಯೋಕೆ ಅರ್ಧ ದಿನ ಸಾಕಾಯ್ತು.

ತಲೆನೋವು ಕೊಟ್ಟಿದ್ದು ಆ ಹಳೇ ಪ್ರಶ್ನೆ. ಹೆತ್ತ ಮೇಲೆ ಅರ್ಜಿ ಹಾಕೋಳು 'ಗರ್ಭಿಣಿಯೇ?' ಅಂದರೆ ಪ್ರಾಮಾಣಿಕವಾಗಿ 'ಇಲ್ಲ' ಅಂತಾಳೆ. ಅಲ್ಲಿಗೆ ಕತೆ ಮುಗೀತು. ಹಿಂದಿನ ಮೂರು ತಿಂಗಳ ಆಸ್ಪತ್ರೆ ಬಿಲ್ಲಿಗೆ ನೆರವು ಬೇಕಾ ಅಂತ ಅದೇ ಅರ್ಜಿ ಇನ್ನೊಂದು ಪುಟದಲ್ಲಿ ಕೇಳುತ್ತೆ. ಆ ತಿಂಗಳುಗಳಲ್ಲಿ ಅವಳು ಬಸುರಿಯಾಗಿದ್ದು ಅರ್ಹಳಾಗಿದ್ದರೆ ಪೂರ್ತಿ ವರ್ಷದ ರಕ್ಷಣೆ ಸಿಗಬೇಕು. ಆದರೆ ಎರಡು ಪುಟಕ್ಕೂ ಮಾತುಕತೆಯೇ ಇಲ್ಲ, ಜಗಳವಾಡಿದ ಓರಗಿತ್ತಿಯರ ಹಾಗೆ.

'ಆ ಮೂರು ತಿಂಗಳಲ್ಲಿ ಗರ್ಭಿಣಿಯಾಗಿದ್ದಿರಾ?' ಅಂತ ಒಂದು ಪ್ರಶ್ನೆ ಸೇರಿಸೋಣ ಅಂದೆ. ಇದು ಎಡ್ಜ್ ಕೇಸ್, ಆಮೇಲೆ ನೋಡೋಣ ಅಂದ್ರು. ಎರಡು ರಿಲೀಸ್ ಹಾಗೇ ಹೋಯ್ತು. ಪ್ರತಿ ಮೀಟಿಂಗಲ್ಲೂ ಅದನ್ನೇ ಎತ್ತಿ ಎತ್ತಿ ಬೇಜಾರು ಹಿಡಿಸಿದ ಮೇಲೆ ಮೂರನೆಯದಕ್ಕೆ ಸೇರ್ತು.

ಟೆಸ್ಟ್ ಕೇಸ್ ನಾನೇ ಬರೆದೆ. ಹೆರಿಗೆ ಜೂನ್ 3, ಅರ್ಜಿ ಸೆಪ್ಟೆಂಬರ್ 5. ರನ್ ಕೊಟ್ಟು, ಹಸಿರು ಬಣ್ಣ ಬರೋವರೆಗೂ ಉಸಿರು ಬಿಗಿ ಹಿಡಿದು ಕೂತಿದ್ದೆ.